ಸೈಮನ ಮಾಸ್ತರರ ಸಬ್ಬತ್ತು

ನಿವೃತ್ತನಾದ ಮೇಲೆ ಮನುಷ್ಯನಿಗೆ ಸತ್ಯ ಹುಡುಕಲು ಬೇಕಾದಷ್ಟು ಸಮಯ ಸಿಗುತ್ತದೆ. ಮೂವತ್ತೆರಡು ವರ್ಷ ಭಾಲ್ಕಿಯಲ್ಲಿ ಗಣಿತ ಕಲಿಸಿ, ಬೀದರಿನ ಚಿದ್ರಿಯ ಮನೆಗೆ ಬಂದು ಕೂತ ನಾನು ಎರಡೇ ತಿಂಗಳಲ್ಲಿ ಸತ್ಯವೇದವನ್ನು, ಅಂದರೆ ನಮ್ಮ ಬೈಬಲನ್ನು, ಪೆನ್ಸಿಲ್ ಹಿಡಿದು ಓದಿ ಮುಗಿಸಿದೆ. ನಮ್ಮ ಮೆಥಡಿಸ್ಟ್ ಸಭೆಯ ಎಣಿಕೆಯೇ ತಪ್ಪಿತ್ತು! ದೇವರು ವಿಶ್ರಾಂತಿಗೆಂದು ಕೊಟ್ಟ ಸಬ್ಬತ್ತು ಏಳನೆಯ ದಿನ, ಅಂದರೆ ಶನಿವಾರ. ನಾವೋ, ಮೂರು ತಲೆಮಾರಿನಿಂದ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೋಗುತ್ತಿದ್ದೇವೆ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಪಾಸ್ಟರ್ ಎದುರಿಗೇ ಎದ್ದು ನಿಂತು, ಇನ್ನು ಮುಂದೆ ನನಗೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಸಬ್ಬತ್ತು ಎಂದು ಸಾರಿಬಿಟ್ಟೆ. ಹಿಂದೆ ಸರಿಯುವ ದಾರಿ ಇರಲಿಲ್ಲ. (ಸರಿಯುವ ಮನಸ್ಸೂ ಇರಲಿಲ್ಲ, ಆಗ.)

ಮನೆಗೆ ಬಂದಾಗ ಹೆಂಡತಿ ನವೊಮಿ ರೊಟ್ಟಿ ಬಡಿಯುತ್ತಿದ್ದಳು.

"ಇನ್ನ ಹಬ್ಬನೂ ಬದಲಾಗ್ತಾವ," ಎಂದೆ. "ಪಸ್ಕ ಹಬ್ಬಕ್ಕ ಹುಳಿಹಿಟ್ಟು ಹಾಕದ ರೊಟ್ಟಿ ಏಳು ದಿವಸ ತಿನ್ನೂದು."

"ಲಗ್ನ ಆದಾಗಿಂದ ಜ್ವಾಳದ ರೊಟ್ಟಿ ಬಡಿಲಾಕತ್ತೇನಿ. ಯಾವತ್ತರ ಹುಳಿ ಹಾಕೀನೇನ್ರಿ?"

ಈ ಸಂಶೋಧನೆಯನ್ನು ನಾನು ಕಡೆಗಣಿಸಿದೆ.

"ಶನಿವಾರ ಒಲಿ ಹಚ್ಚಂಗಿಲ್ಲ. ಮನಿಯವ್ರು, ಕೆಲಸದವ್ರು, ಯಾರೂ ಕೈ ಅಲ್ಲಾಡಸಂಗಿಲ್ಲ."

"ಮತ್ತ ಐತವಾರ?"

"ಐತವಾರ ದುಡಿಯೋ ದಿವಸ!"

"ಹಂಗಂತ ಬರದದೇನ್ರಿ?"

"ಹತ್ತು ಆಜ್ಞಾದಾಗ ನಾಕನೇದು. ಬೇಕಾದ್ರ ಓದು."

ಅವಳು ಕೈ ತೊಳೆದುಕೊಂಡು ನಿಜವಾಗಿಯೂ ಓದಿದಳು. ಪುಟದ ಮೂಲೆ ಮಡಚಿಟ್ಟು ತಲೆಯಾಡಿಸಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಆ ತಲೆಯಾಟಕ್ಕೆ ಹೆದರದೇ ಹೋದದ್ದು ನನ್ನ ದಡ್ಡತನ.

ಶುಕ್ರವಾರ ಓಣಿಯ ಮಸೀದಿಯಲ್ಲಿ ಸಂಜೆಯ ಅಜಾನ್ ಆದ ಕೂಡಲೇ ನನ್ನ ಸಬ್ಬತ್ತು ಶುರುವಾಯಿತು. ಭಾಂಡಿ ತೊಳೆಯುವ ರುಖ್ಸಾರಳಿಗೆ ನಾನೇ ರಜೆ ದಯಪಾಲಿಸಿದ್ದೆ. ನವೊಮಿ ಶನಿವಾರವಿಡೀ ಆಜ್ಞೆಯನ್ನು ಅಕ್ಷರಶಃ ಪಾಲಿಸಿದಳು, ಮಂಚ ಬಿಟ್ಟು ಇಳಿಯಲೇ ಇಲ್ಲ. ಚಹಾ ಇಲ್ಲ. ನಳಕ್ಕೆ ನೀರು ಬಂತು, ಹೋಯಿತು. (ಎಂಟು ದಿನಕ್ಕೊಮ್ಮೆ ಬರುವ ನೀರು!) ಹಿಂದಿನ ದಿನದ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ತಿಂದು, ಸಂಜೆ ಬಾಗಿಲಲ್ಲಿ ಕೂತು ಅಜಾನಿಗೆ ಕಾದೆ. ಪಕ್ಕದ ಮನೆಯ ಖಾಜಾ ಮಿಯಾ ಕನಿಕರದಿಂದ ಕೇಳಿದರು: "ಕ್ಯಾ ಮಾಸ್ತರ್ ಸಾಬ್, ರೋಜಾ ಇದ್ದೀರೇನ್ರಿ, ಉಪವಾಸ?"

ಭಾನುವಾರ ಎದ್ದವನೇ "ಚಹಾ" ಎಂದೆ. ನವೊಮಿ ಬಿಳಿ ಸೀರೆ ಉಟ್ಟು, ಹಾಡಿನ ಪುಸ್ತಕ ಹಿಡಿದು ಚರ್ಚಿಗೆ ಹೊರಟು ನಿಂತಿದ್ದಳು.

"ಎರಡು ದಿವಸದ ಭಾಂಡಿ ಬಿದ್ದಾವ. ರುಖ್ಸಾರಗ ಐತವಾರ ಮೊದಲಿಂದನೂ ಸೂಟಿ, ಬರಂಗಿಲ್ಲ. ಟ್ಯಾಂಕರಿಗಿ ಫೋನ್ ಹಚ್ರಿ, ಜ್ವಾಳ ಗಿರಣಿಗಿ ಒಯ್ರಿ, ಅಡಗಿ ಮಾಡಿಡ್ರಿ."

"ನಾನಾ?"

"ಆಜ್ಞಾ ಅರ್ಧಾನೇ ಓದೀರಿ. ಏಳನೇ ದಿವಸ ಆರಾಮ ಅನ್ನೋಕಿಂತ ಮೊದಲ, ಆರು ದಿವಸ ದುಡಿ ಅಂತ ಬರದದ. ರಿಟೈರ್ ಆದವ್ರಿಗಿ ಮಾಫಿ ಅಂತ ಎಲ್ಲೂ ಬರದಿಲ್ಲ ನೋಡ್ರಿ."

"ಮತ್ತ ನಿನಗ? ನಿನ್ನಿನೂ ಆರಾಮ, ಇವತ್ತೂ ಆರಾಮ?"

"ನಿನ್ನಿ ಗಂಡನ ಮಾತು ಕೇಳಿದೆ. ಇವತ್ತ ನಮ್ಮ ಅವ್ವನ ಮಾತು ಕೇಳ್ತೇನಿ, ಐತವಾರ ಚರ್ಚು ತಪ್ಪಸಬ್ಯಾಡ ಅಂದಿದ್ಲು."

ಇದಾಗಿ ಐದು ತಿಂಗಳು. ಪಾಸ್ಟರ್ ಸಿಕ್ಕಾಗಲೆಲ್ಲ "ಹ್ಯಾಂಗ ನಡದದ ಸಬ್ಬತ್ತು?" ಎನ್ನುತ್ತಾರೆ. "ಭಾಳ ಛಲೋ" ಎನ್ನುತ್ತೇನೆ. ಹತ್ತು ಜನರೆದುರು ಸಾರಿದ ಮಾತು, ಪ್ರಾಣ ಹೋದರೂ ಬಿಡುವವನಲ್ಲ. ಭಾನುವಾರದಿಂದ ಶುಕ್ರವಾರದವರೆಗೆ, ಆಜ್ಞೆಯಂತೆ ಆರೂ ದಿನ, ಗಿರಣಿ, ನೀರು, ಅಡಿಗೆ, ರುಖ್ಸಾರ ಹೋದ ಮೇಲೆ ಬೀಳುವ ಭಾಂಡಿ. ಶುಕ್ರವಾರ ಹೊತ್ತು ಇಳಿಯುವಾಗ ಮಾತ್ರ ಸಾಬೂನು ಕೈಯಲ್ಲೇ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ಇಡೀ ಚಿದ್ರಿಯಲ್ಲಿ ಅಜಾನಿಗೆ ನನ್ನಷ್ಟು ಆಸೆಯಿಂದ ಕಾಯುವವರು ಇನ್ನೊಬ್ಬರಿಲ್ಲ ಎಂದು ಖಾಜಾ ಮಿಯಾ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ.