ಕಲಿಯುವವನಿಗೆ ಮುದಿ ಎತ್ತು

ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಬರಬೇಕು, ಇಲ್ಲ ಬಿ.ಪಿ. ಬರಬೇಕು, ಎರಡೂ ಬರದಿದ್ದರೆ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಆಸೆಯಾದರೂ ಬರಬೇಕು. ಚನ್ನಾಜಮ್ಮ ತಿಳಿದ ಮಟ್ಟಿಗೆ ಇದೇ ಲೋಕಾರೂಢಿ. ಆದರೆ ಅವಳ ಗಂಡ ಶಿವಕುಮಾರಸ್ವಾಮಿಗೆ ಈ ಮೂರನ್ನೂ ಬಿಟ್ಟು ಕಾರ್ ರೇಸಿನ ಹುಚ್ಚು ಹತ್ತಿತು.

ಕೊಳ್ಳೇಗಾಲದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ಇಪ್ಪತ್ತೆರಡು ವರ್ಷದಿಂದ ಒಂದೇ ಸ್ಕೂಟರನ್ನು ಮೂವತ್ತರ ಮೇಲೆ ಓಡಿಸದೆ, ಎಮ್ಮೆ ಅಡ್ಡ ಬಂದರೆ ಕೆಳಗಿಳಿದು ಅದಕ್ಕೆ ದಾರಿ ಬಿಡುತ್ತಿದ್ದ ಮಹಾಪುರುಷನೀತ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಲೈಸೆನ್ಸೇನೋ ತೆಗೆದುಕೊಂಡಿದ್ದ. (ಅವನ ಜೊತೆ ಕೂರಬೇಕಾಗಿ ಬಂದ ಮೇಷ್ಟ್ರು ಆಮೇಲೆ ಕೆಲಸ ಬಿಟ್ಟು ಕುರಿ ಸಾಕಿದರಂತೆ.) ಅಂಥವನು ಒಂದು ದಿನ ಮೊಬೈಲಿನಿಂದ ತಲೆ ಎತ್ತಿ ಹೇಳಿದ:

"ಲೇ ಚನ್ನಾಜಿ, ನಾನು ರೇಸ್ ಡ್ರೈವಿಂಗ್ ಕಲೀತೀನಿ ಕಣೇ. ಕೊಯಮತ್ತೂರ್ ತಾವ ಟ್ರ್ಯಾಕ್ ಅದಂತೆ. ವಯಸ್ಸಿಗೆ ಮಿತಿ ಇಲ್ವಂತೆ."

"ನಾಚ್ಕೆಗೂ ಇಲ್ವಂತಾ?"

ಚನ್ನಾಜಮ್ಮನ ಹೊಟ್ಟೆ ಉರಿದದ್ದು ರೇಸಿಗಲ್ಲ, ಕಾರಿಗೆ. ಈ ವರ್ಷ ಮನೆಗೆ ಮೊದಲ ಕಾರು ತರುವುದೆಂದು ತೀರ್ಮಾನವಾಗಿತ್ತು. ಆ ಕಾರಿನಲ್ಲಿ ಅವಳು ಮೊದಲು ಎಲ್ಲಿಗೆ ಹೋಗಬೇಕೆಂಬುದೂ ತೀರ್ಮಾನವಾಗಿತ್ತು. ಯಳಂದೂರಿಗೆ, ತಂಗಿ ಮಧುಶ್ರೀಯ ಹೊಸ ಮನೆಯ ಗೃಹಪ್ರವೇಶಕ್ಕೆ.

ಕಾರಣವಿತ್ತು. ಹೋದ ವರ್ಷ ತಂಗಿಯ ಮಗನ ಹುಟ್ಟುಹಬ್ಬಕ್ಕೆ ಗಂಡ ಹೆಂಡತಿ ಅಂಗಡಿಯ ಗೂಡ್ಸ್ ಆಟೋದಲ್ಲಿ ಹೋಗಿದ್ದರು. ಆಟೋದಲ್ಲಿ ಇನ್ನೂ ನಾಲ್ಕು ಮೂಟೆ ಬೇವಿನ ಹಿಂಡಿ ಉಳಿದಿತ್ತು. ಮಧುಶ್ರೀ ಮೂಗಿಗೆ ಸೆರಗು ಹಿಡಿದು, ನಾಲ್ಕು ಜನರ ಮುಂದೆ, "ಅಕ್ಕೋ, ಆಟೋನ ಹಿಂದ್ಗಡೆ ಕೊಟ್ಗೆ ತಾವ ನಿಲ್ಲಿಸ್ಬುಡಿ. ಮುಂದ್ಗಡೆ ಕಾರ್ನೋರು ಬತ್ತಾರ" ಅಂದಿದ್ದಳು. ಆವತ್ತು ತಿಂದ ಹೋಳಿಗೆ ಚನ್ನಾಜಮ್ಮನ ಗಂಟಲಿಂದ ಇವತ್ತಿಗೂ ಕೆಳಗಿಳಿದಿಲ್ಲ. ಗೃಹಪ್ರವೇಶಕ್ಕೆ ಇನ್ನೆರಡು ತಿಂಗಳು. ಅಷ್ಟರಲ್ಲಿ ಅವಳಿಗೆ ಒಂದು ಬಿಳಿ ಕಾರು ಬೇಕು, ಏಳು ಜನ ಕೂರುವಂಥದ್ದು, ಬಾಗಿಲು ಹಾಕಿದರೆ 'ದಬ್' ಎಂದು ಗಂಭೀರವಾಗಿ ಸದ್ದಾಗುವಂಥದ್ದು.

ಹನೂರಿನ ಕಂಟ್ರಾಕ್ಟರೊಬ್ಬರ ಬಳಿ ಅಂಥದ್ದೇ ಕಾರು ಮಾರಾಟಕ್ಕಿತ್ತು. ಗಂಡನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ಒಳಗೆ ಕೂತು ಬಾಗಿಲು ಹಾಕಿಕೊಂಡಳು. ದಬ್! ಕಿವಿಗೆ ಜೇನು ಬಿಟ್ಟಂತಾಯಿತು. ಶಿವಕುಮಾರಸ್ವಾಮಿ ಸುತ್ತ ಎರಡು ಪ್ರದಕ್ಷಿಣೆ ಬಂದು ಮೂಗು ಮುರಿದ.

"ಇದು ಕಾರಲ್ಲ ಕಣೇ, ಕಲ್ಯಾಣ ಮಂಟಪ. ರೇಸ್ನಲ್ಲಿ ಇದನ್ನ ಒಂದ್ ತಿರುವು ತಿರುಗ್ಸಕ್ಕೆ ಮುಹೂರ್ತ ನೋಡ್ಬೇಕು."

ಮಾರನೇ ವಾರ ಅವನ ಸರದಿ. ಮೈಸೂರಿನಲ್ಲಿ ಒಂದು ಕಪ್ಪು ಕಾರು ತೋರಿಸಿದ. ನೆಲಕ್ಕೆ ಹೊಟ್ಟೆ ತಾಗುವಂತೆ ಕೂತಿತ್ತು. ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯ ನಾಯಿಗಳೆಲ್ಲ ಮಾತಾಡಿದವು.

"ಹಿಂದ್ಗಡೆ ಅದೇನ್ರಿ? ಬಟ್ಟೆ ಒಣಾಕೋ ಹಲ್ಗೆನಾ?"

"ಸ್ಪಾಯ್ಲರ್ ಅಂತಾರ ಅದ್ಕೆ! ಸ್ಪೀಡ್ನಲ್ಲಿ ಗಾಡಿ ಮ್ಯಾಲಕ್ಕೆ ಏಳ್ದಂಗೆ ಗಾಳೀನೇ ಅದುಮಿ ಇಟ್ಕತದ."

"ಮೂವತ್ರಲ್ಲಿ ಓಗೋ ನಿಮ್ಮನ್ನ ಯಾವ ಗಾಳಿ ಎತ್ಕಂಡೋದದು?"

ಬೆಲೆ ಕೇಳಿದ ಮೇಲೆ ಅವನಾಗಿಯೇ ಹಲಗೆಯಿಂದ ಕೈ ತೆಗೆದ. ಆದರೂ ಹುಚ್ಚು ಇಳಿಯಲಿಲ್ಲ. ಊಟದ ತಟ್ಟೆಯಲ್ಲಿ ಅನ್ನದ ಕಟ್ಟೆ ಒಡೆದು ಸಾರು ಹರಿಯುವಾಗಲೂ, ತಿರುವಿನಲ್ಲಿ ಕಾರು ಹಿಡಿಯುವ 'ರೇಸಿಂಗ್ ಲೈನ್' ಅಂದರೆ ಹೀಗೆ ಎಂದು ಬೆರಳಲ್ಲಿ ಗೆರೆ ಎಳೆಯುತ್ತಿದ್ದ.

ಆಗ ಚನ್ನಾಜಮ್ಮನಿಗೆ ದಿವ್ಯವಾದ ಉಪಾಯವೊಂದು ಹೊಳೆಯಿತು. ಹುಚ್ಚು ಬಿಡಿಸಬೇಕಾದರೆ ಎದುರು ನಿಲ್ಲಬಾರದು, ಹಿಂದಿನಿಂದ ತಳ್ಳಬೇಕು. ಲೋಕದಲ್ಲಿರುವ ಅತಿ ದರಿದ್ರ ಕಾರನ್ನು ಇವನ ಕೊರಳಿಗೆ ಕಟ್ಟಿದರೆ, ಮೊದಲ ದಿನವೇ ಅದು ಮಧ್ಯದಲ್ಲಿ ಕೆಟ್ಟು ನಿಂತು, ಮಾನ ಹೋಗಿ, ರೇಸಿನ ಪಿಶಾಚಿ ತಾನಾಗಿಯೇ ಬಿಟ್ಟು ಓಡುತ್ತದೆ. ಆಮೇಲೆ ಹನೂರಿನ ದಬ್!

ಆ ದರಿದ್ರ ಕಾರು ಎಲ್ಲಿದೆಯೆಂದೂ ಅವಳಿಗೆ ಗೊತ್ತಿತ್ತು. ಧನಗೆರೆಯಲ್ಲಿ, ಅವಳ ಸೋದರಮಾವ ಶಿವಮಲ್ಲಪ್ಪನವರ ಹಿತ್ತಲ ಹುಣಸೆಮರದ ಕೆಳಗೆ. ಮಾವ ಹೆಡ್ಮಾಸ್ಟರಾಗಿದ್ದಾಗ ಕೊಂಡ ಮಾರುತಿ ಎಂಟುನೂರು. ರಿಟೈರಾದ ಮೇಲೆ ಅವರೂ ನಿಂತರು, ಅದೂ ನಿಂತಿತು.

"ಓಡ್ತದಾ ಮಾವ?"

"ಕೇಳಿ ನೋಡಿಲ್ಲ ಕೂಸೇ. ಪಕ್ಕದ್ ಮನೆ ಕೋಳಿ ಒಳ್ಗೆ ಸೇರ್ಕಂಡು ಮೊಟ್ಟೆ ಇಡ್ತಾ ಅದ. ನಾವು ಲಿಂಗ ಕಟ್ಟಿರೋರು, ಮುಟ್ಟಂಗಿಲ್ಲ. ಅದು ಬುಟ್ಟು ಓಯ್ತಾ ಇಲ್ಲ. ಕಾರು ಓದ್ರೆ ನಂಗೂ ಒಂದ್ ಕರ್ಮ ಕಳೀತದ."

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕ. ಚನ್ನಾಜಮ್ಮ ನಗಲಿಲ್ಲ. ಕಣ್ಣು ಅರ್ಧ ಮುಚ್ಚಿ, ಸ್ವರ್ಗದಲ್ಲಿರುವ ತಂದೆಯನ್ನು ನೆನೆಸಿಕೊಂಡಳು.

"ನಮ್ಮಪ್ಪ ಒಂದ್ ಮಾತು ಯೋಳ್ತಿದ್ರು ಕಣ್ರಿ. ಉಳೋದು ಕಲಿಯೋನ್ಗೆ ಮುದಿ ಎತ್ತು ಕಟ್ಬೇಕು ಅಂತ. ಓರಿ ಕಟ್ಟುದ್ರೆ ಓರಿ ಓಡ್ತದ, ಅಂವ ಕಲಿಯಲ್ಲ. ಮುದಿ ಎತ್ತೇ ಗುರು ಅಂತಿದ್ರು."

(ಅವಳ ತಂದೆ ಮುಳ್ಳೂರಿನಲ್ಲಿ ನ್ಯಾಯಬೆಲೆ ಅಂಗಡಿ ನಡೆಸುತ್ತಿದ್ದವರು. ನೇಗಿಲ ಮೇಣಿ ಯಾವ ಕೈಯಲ್ಲಿ ಹಿಡಿಯುತ್ತಾರೆಂಬುದೂ ಅವರಿಗೆ ಗೊತ್ತಿರಲಿಲ್ಲ. ಆ ಮಾತು ಧನಗೆರೆಯಿಂದ ಬರುವಾಗ ಬಸ್ಸಿನಲ್ಲಿ ಹುಟ್ಟಿದ್ದು.)

ಶಿವಕುಮಾರಸ್ವಾಮಿಗೆ ಸತ್ತ ಮಾವನವರ ಮೇಲೆ ಬಹಳ ಗೌರವ. ಬದುಕಿರುವ ಅವರ ಮಗಳ ಮೇಲೆ ಅಷ್ಟಿರಲಿಲ್ಲ, ಅದು ಬೇರೆ ವಿಷಯ. ಅವನು ಒಪ್ಪಿದ. ಆದರೆ ಚನ್ನಾಜಮ್ಮ ಅಷ್ಟಕ್ಕೇ ಬಿಡುವವಳಲ್ಲ. ಮಾದಪ್ಪನ ಫೋಟೋ ಮುಂದೆ ತಾನೇ ಕರ್ಪೂರ ಹಚ್ಚಿ ಆಣೆ ಇಡಿಸಿದಳು. ಮೊದಲ ದಿನದ ಕಲಿಕೆಯಲ್ಲಿ ಕಾರು ಕೆಟ್ಟರೆ ಮಾರನೇ ದಿನವೇ ಬಿಳಿ ಕಾರು. ಕೆಡದಿದ್ದರೆ ಒಂದು ವರ್ಷ ಬೇರೆ ಕಾರು ಕೊಳ್ಳುವಂತಿಲ್ಲ. ಮಾದಪ್ಪನ ಆಣೆ ತಪ್ಪಿ ಉದ್ಧಾರವಾದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಅದಕ್ಕೇ ಅವಳು ಬೇರೆ ದೇವರನ್ನು ಹಿಡಿಯಲಿಲ್ಲ.

ಕೋಳಿಯನ್ನು ಎಬ್ಬಿಸಿ ಕಾರನ್ನು ಮೆಕ್ಯಾನಿಕ್ ಚೌಡೇಶನ ಶೆಡ್ಡಿಗೆ ತಂದರು. ಚೌಡೇಶನದು ಮಗ್ಗದ ಮನೆತನ. ತಾತ ಎಳೆ ಎಣಿಸುತ್ತಿದ್ದ ತಾಳ್ಮೆಯಲ್ಲಿ ಇವನು ಬೋಲ್ಟು ಎಣಿಸುತ್ತಿದ್ದ.

"ಅಕ್ಕ, ಎಂಜಿನ್ ಜೋರ್ ಮಾಡಕ್ಕೆ ಓಗಲ್ಲ. ಮೊದ್ಲು ಬ್ರೇಕು, ಒಳ್ಳೆ ಟೈರು, ಒಸ ಆಯಿಲು. ಎಲ್ಲಾ ಪಾರ್ಟೂ ನಮ್ಮೂರಲ್ಲೇ ಸಿಕ್ತವೆ."

"ಓಡ್ಸೋಕೆ ಅಂತ ತಂದ್ರೆ ನಿಲ್ಸೋದ್ನ ಸರಿ ಮಾಡ್ತೀಯಲ್ಲಪ್ಪ!"

"ಆಮೇಲೆ ತೂಕ ಇಳ್ಸದು ಅಕ್ಕ. ಹಿಂದಿನ್ ಸೀಟು, ಕಾರ್ಪೆಟ್ಟು, ರೇಡಿಯೋ ಎಲ್ಲಾ ತಗ್ದಾಕ್ತೀನಿ."

"ನಿಮ್ ಬಾವನ ಹೊಟ್ಟೆ ತಗ್ದಾಕು. ಇಪ್ಪತ್ ಕೆ.ಜಿ. ಒಂದೇ ಏಟ್ಗೆ ಇಳೀತದ."

ತೂಕ ಇಳಿಸುವ ಭರದಲ್ಲಿ ಎಡಗಡೆ ಬಾಗಿಲಿನ ಒಳಹಿಡಿಯೂ ಹೋಯಿತು. ಇನ್ನು ಆ ಬಾಗಿಲನ್ನು ಹೊರಗಿನವರೇ ತೆಗೆಯಬೇಕು. ಮುಂದೆ ಎರಡು ಬಿಗಿಯಾದ ಸೀಟು, ಒಂದೊಂದಕ್ಕೆ ನಾಲ್ಕು ನಾಲ್ಕು ಬೆಲ್ಟು. ಚನ್ನಾಜಮ್ಮ ಎಲ್ಲವನ್ನೂ ಸಂತೋಷದಿಂದ ನೋಡಿದಳು. ಕಾರು ಎಷ್ಟು ಹೀನಾಯವಾದರೆ ಅವಳಿಗೆ ಅಷ್ಟು ಲಾಭ.

ಕಲಿಕೆಯ ದಿನ ಕಾರು ಕೆಡುವುದನ್ನು ಕಣ್ಣಾರೆ ನೋಡಬೇಕೆಂದು ಅವಳೂ ಹೊರಟಳು. ಮೊಸರನ್ನದ ಕ್ಯಾರಿಯರ್ ಕಟ್ಟಿಕೊಂಡು, ಕೋಳಿ ಜಗಳದಂತೆ ಸದ್ದು ಮಾಡುವ ಆ ಡಬ್ಬದಲ್ಲಿ ಒಡೆಯರಪಾಳ್ಯ ದಾಟಿ, ಹಾಸನೂರು ದಾಟಿ, ದಿಂಬಂ ಘಾಟಿಗೆ ಬಂದರು. ಒಂದೊಂದು ತಿರುವಿನಲ್ಲೂ 'ಇಲ್ಲೇ ಕೆಡು, ಇಲ್ಲೇ ಕೆಡು' ಎಂದು ಮನಸ್ಸಿನಲ್ಲೇ ಜಪ ಮಾಡಿದಳು. ಕೆಡಲಿಲ್ಲ. ಕೆಳಗೆ ಟೀ ಅಂಗಡಿಯ ತಮಿಳಿನವನು ಗಾಡಿ ನೋಡಿ, "ವಂಡಿ ಸೂಪರ್ ಮಾ" ಅಂದ. ಅವನ ಟೀ ಅವಳಿಗೆ ಕಹಿಯಾಗಿತ್ತು.

ಟ್ರ್ಯಾಕಿನಲ್ಲಿ ಕಲಿಯಲು ಬಂದ ಒಂಬತ್ತು ಕಾರುಗಳಿದ್ದವು. ಎಂಟು ಕಾರು ಫಳಫಳ ಅನ್ನುತ್ತಿದ್ದವು. ಅವುಗಳಲ್ಲಿ ಮೈಸೂರಿನ ಆ ಹಲಗೆ ಕಾರೂ ಇತ್ತು. ಅದನ್ನು ಯಾರೋ ಹುಡುಗ ಕೊಂಡಿದ್ದ. ಒಂಬತ್ತನೆಯದು ಧನಗೆರೆಯದು. ಹೇಳಿಕೊಡುವವಳು ಭವ್ಯ ಎಂಬ ಮೂವತ್ತರ ಹೆಣ್ಣುಮಗಳು, ಮೈಸೂರಿನವಳು. ಕಾರುಗಳ ಬಾಗಿಲಿಗೆ ನಂಬರು ಅಂಟಿಸಿದರು. ಇವರದು ನಲವತ್ತೊಂದು. ಚನ್ನಾಜಮ್ಮ ನೆರಳಿನಲ್ಲಿ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಗಂಡನ ಮಾನಭಂಗ ನೋಡಲು ಅನುಕೂಲವಾಗಿ ಕೂತಳು.

ಹಲಗೆ ಕಾರು ಹಾರಿತು. ನಾಲ್ಕನೇ ಸುತ್ತಿಗೆ ಅದರ ಬ್ರೇಕು ಕಾದು ಹೊಗೆ ಬಂದು ಮೂಲೆ ಸೇರಿತು. ಇನ್ನೊಂದು ಕಾರು ತಿರುವಿನಲ್ಲಿ ತಿರುಗದೆ ಹುಲ್ಲಿಗೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಐದು ಕಾರು ನೆರಳಿಗೆ ಬಂದವು. ಎಂಟುನೂರು ಮಾತ್ರ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು. ಎಲ್ಲರಿಗಿಂತ ನಿಧಾನ, ಎಲ್ಲರಿಗಿಂತ ಹೆಚ್ಚು ಸುತ್ತು. ಚನ್ನಾಜಮ್ಮನಿಗೆ ಮೊಸರನ್ನ ಸೇರಲಿಲ್ಲ.

ಸಂಜೆ ಭವ್ಯ ಎಲ್ಲರನ್ನೂ ಕೂಡಿಸಿದಳು. "ಇವತ್ತು ಎಲ್ಲರಿಗಿಂತ ಹೆಚ್ಚು ಕಲಿತವರು ಈ ಅಂಕಲ್. ಯಾಕೆ ಗೊತ್ತಾ? ಕಾರಿಗೆ ಶಕ್ತಿ ಜಾಸ್ತಿ ಇದ್ದರೆ ನಿಮ್ಮ ತಪ್ಪನ್ನ ಅದು ಮುಚ್ಚಿಹಾಕುತ್ತೆ. ಇವರ ಕಾರು ಒಂದೊಂದು ತಪ್ಪನ್ನೂ ತೋರಿಸಿಕೊಡುತ್ತೆ. ಹಗುರ, ಅಗ್ಗ, ಒಳ್ಳೇ ಬ್ರೇಕು. ಕಲಿಯೋರಿಗೆ ಇಂಥದ್ದೇ ಬೇಕು. ಅಂಕಲ್, ಇದನ್ನ ಆರಿಸಿದ್ದು ಯಾರು?"

ಶಿವಕುಮಾರಸ್ವಾಮಿ ಎದ್ದು ನಿಂತ. ಮದುವೆಯಾದ ಮೇಲೆ ಮೊದಲ ಸಲ ಹತ್ತು ಜನರ ಮುಂದೆ ಹೆಂಡತಿಯ ಕಡೆ ಕೈ ತೋರಿಸಿದ. "ನನ್ನೆಂಡ್ತಿ ಮೇಡಂ. ಅವರಪ್ಪ ಯೋಳ್ತಿದ್ರಂತೆ, ಕಲಿಯೋನ್ಗೆ ಮುದಿ ಎತ್ತು ಕಟ್ಬೇಕು ಅಂತ."

ಭವ್ಯ ಅದನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಚಪ್ಪಾಳೆ ಬಿತ್ತು. "ಅಯ್ಯೋ, ನಂಗೇನೂ ಗೊತ್ತಿಲ್ಲ ಕಣವ್ವ!" ಎಂದು ಚನ್ನಾಜಮ್ಮ ಹೃದಯಪೂರ್ವಕವಾಗಿ ನಿಜ ನುಡಿದಳು. "ಎಷ್ಟು ವಿನಯ ನೋಡಿ!" ಎಂದು ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು.

ಆಣೆ ಆಣೆಯೇ. ಹೀಗಾಗಿ ಗೃಹಪ್ರವೇಶಕ್ಕೆ ಚನ್ನಾಜಮ್ಮ ಎಂಟುನೂರರಲ್ಲೇ ಹೊರಟಳು. ಹತ್ತು ಸಲ ನೆರಿಗೆ ಸರಿಮಾಡಿ ಉಟ್ಟಿದ್ದ ಕೊಳ್ಳೇಗಾಲದ ರೇಷ್ಮೆ ಸೀರೆಯ ಮೇಲೆ ನಾಲ್ಕು ಬೆಲ್ಟು ಬಿಗಿದಿದ್ದವು. ಬಾಗಿಲ ಮೇಲಿನ ನಲವತ್ತೊಂದನ್ನು ಕೀಳಲು ಗಂಡ ಒಪ್ಪಿರಲಿಲ್ಲ. ಅವಳಿಗೆ ಅಳುವೇ ಬರುವಂತಿತ್ತು.

ದಾರಿಯಲ್ಲಿ ಶಿವಕುಮಾರಸ್ವಾಮಿ ಅವಳ ಮುಖ ನೋಡಿ ಮೆತ್ತಗೆ ಅಂದ: "ಬೇಜಾರ್ ಮಾಡ್ಕಬ್ಯಾಡ ಕಣೇ. ಈ ಒಂದ್ ವರ್ಷ ಕಳೀಲಿ. ಆಮೇಲೆ ಬರೋ ಉಗಾದಿಗೆ ನೀನ್ ಕೇಳ್ದಂಥ ಬಿಳಿ ಕಾರೇ ತಕಳವ. ನಾನೂ ಯೋಚ್ನೆ ಮಾಡಿವ್ನಿ."

ಚನ್ನಾಜಮ್ಮನಿಗೆ ಗಂಡನ ಮೇಲೆ ಪ್ರೀತಿ ಉಕ್ಕಿತು. ಒಂದು ವರ್ಷ ತಾನೆ? ಹಲ್ಲು ಕಚ್ಚಿಕೊಂಡು ಕಳೆದರಾಯಿತು. "ಬಸ್ ಸ್ಟ್ಯಾಂಡ್ ತಾವ್ಲೇ ಇಳಿಸ್ಬುಡ್ರಿ, ನಡ್ಕ ಬತ್ತೀನಿ" ಅಂದಳು. ಅವನು ಕೇಳಲಿಲ್ಲ. ಕಲಿತ ವಿದ್ಯೆಯನ್ನೆಲ್ಲ ತೋರಿಸಿ, ಚಪ್ಪರದ ಎರಡು ಬಾಳೆಕಂದಿನ ನಡುವೆ ತೂಗಿಟ್ಟಂತೆ ತಂದು ನಿಲ್ಲಿಸಿದ.

ಪಕ್ಕದಲ್ಲೇ ಒಂದು ಬಿಳಿ ಕಾರು ನಿಂತಿತ್ತು. ಹನೂರಿನದೇ. ಅದನ್ನು ಕೊಂಡವನು ಮಧುಶ್ರೀಯ ಗಂಡ ನಟರಾಜು.

ಮಧುಶ್ರೀ ಓಡಿ ಬಂದಳು. ಬಾಗಿಲು ಒಳಗಿಂದ ಬರುವುದಿಲ್ಲವೆಂದು ತಿಳಿದು ತಾನೇ ತೆಗೆದಳು. ಕತ್ತು ತೂರಿಸಿ ಒಳಗೆಲ್ಲ ನೋಡಿದಳು.

"ಅಯ್ಯೋ ಅಕ್ಕೋ! ಹಿಂದ್ಗಡೆ ಸೀಟೇ ಇಲ್ವಲ್ಲ! ಮಾರ್ಕಬುಟ್ರಾ?"

ಚಪ್ಪರದಲ್ಲಿದ್ದವರು ನಕ್ಕರು. ಚನ್ನಾಜಮ್ಮನ ನೆತ್ತಿಗೆ ರಕ್ತ ಏರಿತು. ಈ ಕಾರನ್ನು ಇಷ್ಟು ದಿನ ಅವಳು ಬೈದಷ್ಟು ಯಾರೂ ಬೈದಿರಲಿಲ್ಲ. ಆದರೆ ತಾನು ಬೈಯುವುದು ಬೇರೆ, ತಂಗಿ ಬೈಯುವುದು ಬೇರೆ.

"ನಿಂಗೇನ್ ಗೊತ್ತು ಮಧು, ಸುಮ್ನಿರು! ಇದು ಕಲಿಯೋ ಕಾರು. ದುಡ್ಡಿದ್ದೋರೆಲ್ಲ ದೊಡ್ಡ ಕಾರ್ ತಕಬೋದು, ಓಡ್ಸಕ್ಕೆ ಬರ್ಬೇಕಲ್ಲ? ಕಲಿಯೋನ್ಗೆ ಮುದಿ ಎತ್ತು ಕಟ್ಬೇಕು ಅಂತ ಅಪ್ಪ ಯೋಳ್ತಿದ್ದದ್ದು ಮರ್ತೋದ್ಯಾ?"

"ಅಪ್ಪನಾ?" ಮಧುಶ್ರೀ ಕಣ್ಣರಳಿಸಿದಳು. "ಎತ್ತು ಎದುರ್ಗೆ ಬಂದ್ರೆ ಅಂಗ್ಡಿ ಒಳಕ್ಕೋಗಿ ಬಾಗ್ಲಾಕತಿದ್ರಲ್ಲ ಅಪ್ಪ!"

ಶಿವಕುಮಾರಸ್ವಾಮಿ ತಿರುಗಿ ಹೆಂಡತಿಯ ಮುಖ ನೋಡಿದ. ಚಪ್ಪರದವರೂ ನೋಡಿದರು.

"ನೀನಾಗ ತೊಟ್ಲಲ್ಲಿದ್ದೆ. ನಂಗೆ ಯೋಳಿದ್ರು."

"ಆಯ್ತು ಬುಡು. ಎಷ್ಟ್ ದಿನ ಈ ಮುದಿ ಎತ್ನಲ್ಲೇ ಓಡಾಡೀಯೆ? ಉಗಾದಿಗಂಟನಾ?"

ಆ ನಗು ಇತ್ತಲ್ಲ, ಅದೇ ಬೇವಿನ ಹಿಂಡಿಯ ದಿನದ ನಗು. ಚನ್ನಾಜಮ್ಮ ಸೆರಗು ಬಿಗಿದಳು.

"ಏಳು ವರ್ಷ! ಒಂದೇ ಎತ್ನಲ್ಲಿ ಏಳ್ ವರ್ಷ ಉತ್ತವ್ನೇ ಆರಂಬಗಾರ, ಉಗಾದಿಗೊಂದ್ ಎತ್ತು ಬದ್ಲಾಯಿಸೋನು ದಲ್ಲಾಳಿ! ಇದನ್ನೂ ಅಪ್ಪನೇ ಯೋಳಿದ್ದು, ತಿಳ್ಕ!"

"ಆಹಾ, ಎಂಥಾ ಮಾತು!" ಎಂದರು ಚಪ್ಪರದ ಹಿರಿಯರು. ನಟರಾಜು ತನ್ನ ಬಿಳಿ ಕಾರಿನ ಮುಂದಿನಿಂದ ಸ್ವಲ್ಪ ಪಕ್ಕಕ್ಕೆ ಸರಿದ. ಚನ್ನಾಜಮ್ಮ ತಲೆ ಎತ್ತಿಕೊಂಡು ಹೊಸ ಮನೆಯ ಹೊಸ್ತಿಲು ದಾಟಿದಳು. ಒಂದು ವರ್ಷದಿಂದ ಗಂಟಲಲ್ಲಿದ್ದ ಹೋಳಿಗೆ ಆಗ ಕೆಳಗಿಳಿಯಿತು.

ನಡುಮನೆಯಲ್ಲಿ ಅವಳ ತಂದೆಯ ಫೋಟೋಗೆ ಹಾರ ಹಾಕಿದ್ದರು. ಅದರ ಮುಂದೆ ಶಿವಕುಮಾರಸ್ವಾಮಿ ಕೈಮುಗಿದು, ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದ.

"ತಪ್ಪಾಯ್ತು ಮಾವ. ನಿಮ್ಮ ಈ ಮಾತು ಗೊತ್ತಿಲ್ದೆ ಬರೋ ಉಗಾದಿಗೇ ಒಸ ಕಾರ್ ತಕಳವ ಅಂದಿದ್ದೆ. ನಿಮ್ ಮಗಳು ನನ್ ಕಣ್ ತೆರೆಸಿದ್ಲು. ಏಳು ವರ್ಷ ಬೇರೆ ಕಾರ್ ಮುಟ್ಟಲ್ಲ. ಮಾದಪ್ಪನಾಣೆ!"

ಚನ್ನಾಜಮ್ಮ ತಡೆಯಲು ಬಾಯಿ ತೆರೆದಳು. ಪಕ್ಕದಲ್ಲಿ ಮಧುಶ್ರೀ ನಿಂತಿದ್ದಳು. ಬಾಯಿ ಮುಚ್ಚಿದಳು. ಅಷ್ಟರಲ್ಲಿ ಅವನು ಕರ್ಪೂರ ಹಚ್ಚಿಯಾಗಿತ್ತು.

ಊಟ ಮುಗಿಸಿ ಹೊರಡುವಾಗ ಮಧುಶ್ರೀ ಕಾರಿನವರೆಗೂ ಬಂದು ಅಕ್ಕನ ನಾಲ್ಕು ಬೆಲ್ಟನ್ನೂ ತಾನೇ ಬಿಗಿದಳು. "ಉಸಾರಾಗೋಗಿ ಅಕ್ಕ" ಎಂದು ಬಾಗಿಲು ಹಾಕಿದಳು. ಅದು ದಬ್ ಅನ್ನಲಿಲ್ಲ. ಮೂರನೇ ಸಲ ತಳ್ಳಿದ ಮೇಲೆ, ಡಬ್ಬದ ಮುಚ್ಚಳದ ಹಾಗೆ, ಹೇಗೋ ಹತ್ತಿಕೊಂಡಿತು.