ಮಾವನವರ ಗುಡಾಣದ ಲೋಳೆ

ಹಟ ಎಂಬುದು ಹೆಂಡತಿಯ ತವರಿನಲ್ಲಿ ತೋರಿಸತಕ್ಕ ವಸ್ತುವಲ್ಲ. ಅಲ್ಲಿ ಊಟದ ಎಲೆಯ ಮುಂದೆ ಕೂತು ‘ಸಾಕು, ಸಾಕು’ ಎನ್ನುವಷ್ಟು ಹಟವಿದ್ದರೆ ಮರ್ಯಾದೆ ಉಳಿಯುತ್ತದೆ. ಇದು ಗೊತ್ತಿದ್ದೂ ನಾನು ಒಮ್ಮೆ ಹಟ ಹಿಡಿದೆ. ಅದೂ ಲೋಳೆಯ ವಿಷಯದಲ್ಲಿ. ಐವತ್ತರ ದಶಕದ ಮಾತು. ಆಗ ನಾನು ಸಾಲಿಗ್ರಾಮದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಪ್ರಯೋಗಶಾಲೆ ಎಂದರೆ ಒಂದು ಬೀರು, ಅದರೊಳಗೆ ಆರು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ. ಬೀಗದ ಕೈ ಯಾರ ಹತ್ತಿರವಿದೆ ಎಂಬ ಚರ್ಚೆಯಲ್ಲೇ ಅರ್ಧ ಪೀರಿಯಡ್ಡು ಮುಗಿಯುತ್ತಿತ್ತು.

ಊರಿಂದ ಎರಡು ಮೈಲಿ ಆಚೆ ನಮ್ಮ ಮಾವನವರ ಆಲೆಮನೆ. ಆ ವರ್ಷ ಅಲ್ಲಿ ಮೂರು ದಿನ ಬೆಲ್ಲ ಅಚ್ಚು ಕಟ್ಟಲಿಲ್ಲ. ಎಷ್ಟು ಕಾಯಿಸಿದರೂ ಅಂಟಂಟು. ಬೆಲ್ಲ ಕಾಯಿಸುವ ಕಾಳಯ್ಯನ ಕೈಗುಣವೇ ಹೋಯಿತೆಂದು ಮಾವನವರು ತೀರ್ಮಾನಿಸಿ, ಸೋಮವಾರದಿಂದ ಬೇರೆಯವನು ಬರಲೆಂದು ರಾವಂದೂರಿಗೆ ಹೇಳಿಕಳಿಸಿಬಿಟ್ಟರು. ನಾನು ಹೋದಾಗ ಕಾಳಯ್ಯ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. “ಮೂವತ್ತು ವರ್ಸ ಕಾಸಿದ ಕೈ ಕಣ್ ಮೇಷ್ಟ್ರೇ. ಈಗ ಕೆಟ್ಟೋಯ್ತು ಅಂತಾವ್ರೆ. ಯಾರ್ ಮುಂದೆ ಮಖ ತೋರ್ಸ್ಲಿ?” ಎಂದ.

ಗಾಣದ ಕೆಳಗೆ ಕಬ್ಬಿನ ಹಾಲು ಬೀಳುವ ಗುಡಾಣಕ್ಕೆ ಕೈಹಾಕಿದೆ. ಬೆಂಡೆಕಾಯಿ ಹೆಚ್ಚಿದ ಹಾಗೆ ನೂಲು ನೂಲು ಲೋಳೆ! ಕಾಲೇಜಿನಲ್ಲಿ ಓದಿದ್ದು ಅಪರೂಪಕ್ಕೆ ನೆನಪಿಗೆ ಬಂತು. ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ನೇಯುವ ಗೋಂದು ಇದು, ಹೆಸರು ಡೆಕ್ಸ್‌ಟ್ರಾನ್. ಚೂರೇ ಇದ್ದರೂ ನೀರನ್ನು ಮಂದ ಮಾಡುತ್ತದೆ, ಬೆಲ್ಲ ಕಟ್ಟಲು ಬಿಡುವುದಿಲ್ಲ. ಇದನ್ನೇ ಶುದ್ಧ ಮಾಡಿ, ರಕ್ತ ಹೋದವರ ನರಕ್ಕೆ ಹಾಕಿ ಪ್ರಾಣ ಉಳಿಸುತ್ತಾರೆಂದು ಮಾವನವರಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿ, “ಅಂಗಾದ್ರೆ ಈ ಬೆಲ್ಲಾನೆಲ್ಲ ಆಸ್ಪತ್ರೆಗೆ ಕಳಿಸಾನ ಬುಡಿ” ಎಂದರು.

ನನಗೆ ರೇಗಿತು. ಕಾಳಯ್ಯನನ್ನು ಉಳಿಸಿಯೇ ತೀರುತ್ತೇನೆಂದು ಮರುದಿನ ಬೀಗದ ಕೈ ಹುಡುಕಿ, ಎರಡು ನಳಿಕೆ, ಒಂದು ಸೀಸೆ ಸ್ಪಿರಿಟ್ಟು ತಂದೆ. ಒಂದು ನಳಿಕೆಗೆ ತೊಳೆದ ಚೊಂಬಿನಲ್ಲಿ ಹಿಡಿದ ಹೊಸ ಹಾಲು, ಇನ್ನೊಂದಕ್ಕೆ ಗುಡಾಣದ ಹಾಲು. ಎರಡಕ್ಕೂ ಸ್ಪಿರಿಟ್ಟು ಸುರಿದೆ. ಡೆಕ್ಸ್‌ಟ್ರಾನ್ ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿ ನಿಲ್ಲಲಾರದು. ಮೊದಲನೆಯದು ಕೊಂಚ ಮಸುಕಾಯಿತು, ಅಷ್ಟೆ. ಎರಡನೆಯದರಲ್ಲಿ ಬೆಳ್ಳನೆಯ ಎಳೆಗಳು ಮುದ್ದೆಯಾಗಿ ತಳಕ್ಕಿಳಿದವು. ಮಾವನವರು ಬಗ್ಗಿ ನೋಡಿ, “ಸರಿ, ದಾರ ಬಂತು. ಈಗೇನ್ ಮಾಡ್ಬೇಕು?” ಎಂದರು.

“ಗುಡಾಣ ಪೂರ್ತಿ ಬರಿದುಮಾಡಿ ಕುದಿಯೋ ನೀರಲ್ಲಿ ತೊಳೀಬೇಕು” ಎಂದೆ.

ಮಾವನವರು ಗುಡಾಣಕ್ಕೆ ಅಡ್ಡ ನಿಂತರು. ಆಲೆ ಹೂಡಿದ ದಿನದಿಂದ ಮುಗಿಯುವ ದಿನದವರೆಗೆ ಆ ಮನೆಯವರು ಗುಡಾಣ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಸೇರು ಹಾಲು ಇದ್ದೇ ಇರಬೇಕು, ಅದು ಲಕ್ಷ್ಮಿ. ಆ ಹಳೆಯ ಸೇರೇ ದಿನದಿನದ ಹೊಸ ಹಾಲಿಗೆ ಹೆಪ್ಪಾಗುತ್ತಿತ್ತು! “ನಮ್ಮಪ್ಪನ ಕಾಲ್ದಿಂದ ಯಾರೂ ಬರಿದು ಮಾಡಿಲ್ಲ ಕಣ್ರೀ. ಕಾಳಯ್ಯ ಓದ್ರೂ ಓಗ್ಲಿ, ಲಕ್ಷ್ಮಿ ಓಗಬಾರದು” ಎಂದರು ಮಾವನವರು. “ಕಾಳಯ್ಯ ಹೋದರೆ ನಾನೂ ಈ ಹೊಸಲು ತುಳಿಯೋದಿಲ್ಲ” ಎಂದುಬಿಟ್ಟೆ. ಆಡಿದ ಮೇಲೆ ನನಗೇ ಗಾಬರಿ. ದೀಪಾವಳಿಗೆ ಅಳಿಯನಿಗೆ ಬರುವ ಪಂಚೆ ಕಣ್ಣಮುಂದೆ ಹಾದುಹೋಯಿತು.

ಬುತ್ತಿ ತಂದಿದ್ದ ಅತ್ತೆಯವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. “ಅಲ್ಲ ಕಣ್ರೀ, ಬರಿದು ಮಾಡಬಾರದು ಅಂತಿರಾದು ನಮ್ಮನೇವ್ರಿಗೆ. ಅಳಿಯಂದ್ರು ಬ್ಯಾರೆ ಮನೆಯೋರು. ಅವರು ಮಾಡುದ್ರೆ ನಮ್ಗೇನು ದೋಸ?” ಎಂದರು. ಮಾವನವರು ಸರಿಯೆಂದು ತಲೆಯಾಡಿಸಿ ಗುಡಾಣದ ಪಕ್ಕಕ್ಕೆ ಸರಿದರು.

ಪಂಚೆ ಎತ್ತಿಕಟ್ಟಿ, ಗುಡಾಣ ಮಗುಚಿ, ಕುದಿನೀರು ಹೊಯ್ದು, ಭುಜದವರೆಗೆ ಕೈಯಿಳಿಸಿ ತೆಂಗಿನ ನಾರಿನಲ್ಲಿ ಉಜ್ಜಿದೆ. ಬಿ.ಎಸ್ಸಿ. ಪದವಿ ಅಷ್ಟು ಆಳಕ್ಕೆ ಹಿಂದೆಂದೂ ಇಳಿದಿರಲಿಲ್ಲ. ಆ ಸಂಜೆಯ ಬೆಲ್ಲ ಕಲ್ಲಿನಂತೆ ಕಟ್ಟಿತು. ಕಾಳಯ್ಯ ಅಚ್ಚನ್ನು ಬೆರಳಗೆಣ್ಣಿಂದ ತಟ್ಟಿನೋಡಿ, ನನ್ನ ಬೆಂದ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಮಾವನವರು ರಾವಂದೂರಿನವನಿಗೆ ಬರಬೇಡವೆಂದು ಆಗಲೇ ಆಳು ಓಡಿಸಿದರು. ನನಗೂ ಕಣ್ಣು ತುಂಬಿತು.

“ಒಂದ್ಸಲ ತೊಳುದ್ರೆ ಸಾಕಾ?” ಎಂದು ಮಾವನವರು ಮೆಲ್ಲಗೆ ಕೇಳಿದರು. ಗೆದ್ದ ಅಮಲಿನಲ್ಲಿದ್ದ ನಾನು, “ಸಾಲದೇ ಸಾಲದು! ದಿನಾ ತೊಳೀಬೇಕು. ಒಂದೇ ಒಂದು ದಿನ ಬಿಟ್ಟರೂ ಮತ್ತೆ ಲೋಳೆ!” ಎಂದು ಬೆರಳೆತ್ತಿ ಸಾರಿದೆ.

“ಅಂಗಾದ್ರೆ,” ಎಂದರು ಅತ್ತೆಯವರು, ಬುತ್ತಿಯ ಗಂಟು ಬಿಚ್ಚುತ್ತಾ, “ನಾಳೆ ಎಷ್ಟೊತ್ಗೆ ಬತ್ತೀರಾ?”

ನಾನು ಗದ್ದೆಯ ಕಡೆ ನೋಡಿದೆ. ಕಬ್ಬು ಇನ್ನೂ ಎರಡು ತಿಂಗಳಿಗಾಗುವಷ್ಟು ನಿಂತಿತ್ತು.