ಷಡ್ಡಕರು ಅಳೆದ ಕಾಫಿ

ನನ್ನ ಷಡ್ಡಕರನ್ನು ಊಟಕ್ಕೆ ಕರೆಯುವವರಿಗೆ ನನ್ನದೊಂದು ಬುದ್ಧಿಮಾತು: ಗಟ್ಟಿ ಪದಾರ್ಥ ಮಾತ್ರ ಬಡಿಸಿ! ಅಜ್ಜಂಪುರದ ಈ ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಸಣ್ಣ ಗಾಜಿನ ಕೊಳವೆ. ಅದಕ್ಕೆ ಏನಾದರೂ ಸುರಿದು, ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ನೋಡದಿದ್ದರೆ ಅವರಿಗೆ ನಿದ್ದೆ ಬಾರದು. ಕಡೂರಿನ ಬೀಗರೂಟದಲ್ಲಿ ಪಾಯಸಕ್ಕೆ ಹಾಲು ಬೆರೆಸುತ್ತ, ಅಳೆಯುತ್ತ ಕೂತರು. ಮುಂದಿನ ಪಂಕ್ತಿಯವರು ಕಾದು ಸುಸ್ತಾದರು. "ಏನ್ ಮೇಷ್ಟ್ರೇ, ಪಾಯಸ ಪಾಸೋ ಫೇಲೋ?" ಅಂದ ಬಡಿಸುವವನು.

ನಾನೋ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ತಳ್ಳುಗಾಡಿ ತಳ್ಳಿ ಅಂಗಡಿ ಕಟ್ಟಿದವನು. ವ್ಯಾಪಾರದಲ್ಲಿ ಎದುರಿನವನು ಹತ್ತು ಅಂದರೆ ನೀವು ಆರು ಅನ್ನಿ, ಎಂಟಕ್ಕೆ ಮುಗಿಯುತ್ತದೆ. ಜಗತ್ತು ನಡೆಯುವುದೇ ನಡುವಿನಲ್ಲಿ!

ಹೋದ ವರ್ಷ ನಮ್ಮಿಬ್ಬರ ಮಾವನಿಗೆ ಸ್ಟ್ರೋಕ್ ಆಗಿ, ನೀರು ಕುಡಿದರೂ ನೆತ್ತಿಗೇರತೊಡಗಿತು. "ತೆಳ್ಳಗಿದ್ರೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ. ಜೇನಿನಷ್ಟು ಮಂದ ಇರ್ಲಿ," ಎಂದರು ಡಾಕ್ಟರು.

"ಯಾವ ಜೇನು ಸಾರ್? ಬಿಸಿಲಲ್ಲಿಟ್ಟಿದ್ದೋ, ನೆರಳಲ್ಲಿಟ್ಟಿದ್ದೋ?" ಷಡ್ಡಕರ ಪ್ರಶ್ನೆ!

ಡಾಕ್ಟರು ಒಂದು ಬಾಟಲಿಯಲ್ಲಿ ಆ ಹದದ ಸ್ಯಾಂಪಲ್ ಕೊಟ್ಟು ಪಾರಾದರು.

ನಮ್ಮ ಮನೆಗೆ ಕರೆತಂದ ಮಾವನಿಗೋ ಕಾಫಿಯದೇ ಧ್ಯಾನ. ಅದು ನಿಂತಾಗಿನಿಂದ ಮುಖ ಗೋಡೆ ಕಡೆಗೆ, ಊಟವೂ ಬೇಡ. ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಗಂಜಿ ತೀರಾ ಮಂದ, ಕಾಫಿ ತೀರಾ ತೆಳು. ಅರ್ಧಕ್ಕರ್ಧ ಬೆರೆಸಿದರೆ ನಡುವಿನ ಹದ ಬರಲೇಬೇಕಲ್ಲ? ಬೆರೆಸಿ ಲೋಟ ಎತ್ತಿದೆ. ಷಡ್ಡಕರು ಕೈ ಹಿಡಿದರು.

"ತಡೀರಿ, ಕೊಡ್ಬೇಡಿ!"

ಕೊಳವೆಗೆ ಸುರಿದರು. ಸೊರ್ರನೆ ಇಳಿದೇಹೋಯಿತು!

"ನೋಡಿ, ನೀರಿನ ಕಡೇನೇ ವಾಲ್ಬಿಡ್ತು. ಇದು ನಿಮ್ ಯಾಪಾರ ಅಲ್ಲ ಕಣ್ರೀ, ನಡುವೆ ನಿಲ್ಲಲ್ಲ."

"ಮತ್ತೆಷ್ಟು ಗಂಜಿ ಹಾಕ್ಬೇಕು? ಬೇಗ ಹೇಳ್ರೀ!"

"ಅದನ್ನೇ ಅಳೀತಿರೋದು!"

ಮನೆಯ ಲೋಟಗಳೆಲ್ಲ ಸಾಲು ನಿಂತವು. "ಭಾವ, ಕುಕ್ಕರ್ ಆದ್ರೂ ನಂಗೆ ಬಿಡಿ," ಎಂದಳು ನನ್ನ ಹೆಂಡತಿ. ಹಾಲು, ಕಾಫಿಪುಡಿ ಎಂದು ನಾನು ಅಂಗಡಿಗೂ ಮನೆಗೂ ಸುತ್ತಿದ್ದೇ ಸುತ್ತಿದ್ದು. ಸ್ಯಾಂಪಲ್ಲಿಗೆ ಸರಿಸಮ ಬರುವ ಹೊತ್ತಿಗೆ ಕಾಫಿಗಿಂತ ಗಂಜಿಯೇ ಹೆಚ್ಚಾಗಿತ್ತು.

ಡಾಕ್ಟರು ಹೇಳಿಕೊಟ್ಟಂತೆ ಮಾವ ಗಲ್ಲ ತಗ್ಗಿಸಿ ಒಂದು ಚಮಚ ನುಂಗಿದರು. ಎಲ್ಲರ ಕಣ್ಣೂ ಅವರ ಗಂಟಲ ಮೇಲೆ. ಕೆಮ್ಮಲಿಲ್ಲ! ಇನ್ನೊಂದು ಚಮಚ. ಕೆಮ್ಮಲಿಲ್ಲ!

"ಗೋಂದು ಇದ್ದಂಗಿದೆ," ಎಂದು ಮಾವ ಮುಖ ಕಿವಿಚಿದರು. ಆದರೂ ಬಾಯಿ ತೆರೆದರು.

ಷಡ್ಡಕರು ಅದೇ ಪಾತ್ರೆಯಿಂದ ತಮಗೂ ಒಂದು ಲೋಟ ಬಗ್ಗಿಸಿಕೊಂಡು ಮಂಚದ ಪಕ್ಕ ಕೂತರು.

"ನಿಮಗ್ಯಾಕ್ರೀ ಆ ಗೋಂದು? ಒಳ್ಳೇ ಕಾಫಿ ಮಾಡಿಸ್ತೀನಿ," ಎಂದೆ.

"ಪಾಪ, ಮಾವ ಒಬ್ರೇ ಕುಡೀಬೇಕೇನ್ರೀ?"

ನಾನು ಅಡುಗೆಮನೆ ಕಡೆ ತಿರುಗಿದೆ. "ಲೇ, ನಂಗೂ ಒಂದ್ ಲೋಟ ಕೊಡೇ. ಅದೇ ಕಾಫಿ."